ಆ ಸವಾರಿಯಲ್ಲಿ ಇಲ್ಲದ ಇಬ್ಬರು

ಕಸ್ಮಿನಿ ಒಂದು ಕಡೆ ಕೂರುವ ಹೆಂಗಸಲ್ಲ. ಉಣ್ಣುವಾಗಲೂ ತಟ್ಟೆಯನ್ನು ಕೈಯಲ್ಲಿ ಹಿಡಿದು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆಯುತ್ತಿರುತ್ತಾಳೆ. ಯಾರಾದರೂ ಮಾತಾಡಲು ಬಂದು ಕೂತರೆ ಅವರ ಎದುರಿಗೇ ಕಿಟಕಿಯ ಧೂಳು ಒರೆಸುತ್ತಾಳೆ. ಗಂಡ ಬದುಕಿದ್ದಾಗ, "ಇವಳ ಜೊತೆ ಸಂಸಾರ ಮಾಡೋದು ಅಂದ್ರೆ ಬಸ್ ನಿಲ್ದಾಣದಲ್ಲಿ ಮನೆ ಮಾಡಿದ ಹಾಗೆ" ಎನ್ನುತ್ತಿದ್ದ. ಜಾವಾದ ಸೆಮರಾಂಗ್ ಊರಿನ ಉತ್ತರಕ್ಕೆ, ಸಮುದ್ರ ಉಬ್ಬಿದಾಗಲೆಲ್ಲ ಉಪ್ಪುನೀರು ಓಣಿಗೆ ನುಗ್ಗುವ ಕಡೆ ಅವಳ ಮನೆ. ಹಿರಿಯ ಹೆಂಗಸರನ್ನು ಕರೆಯುವಂತೆ ಓಣಿಯವರೆಲ್ಲ ಅವಳನ್ನು ಬು ಕಸ್ಮಿನಿ ಎನ್ನುತ್ತಾರೆ. ಮದುಮಗಳನ್ನು ಸಿಂಗರಿಸುವುದು ಅವಳ ಕಸುಬು.

ಆ ಕಸುಬಿನಲ್ಲಿ ಒಂದು ಹೊತ್ತು ಬರುತ್ತದೆ. ಹುಡುಗಿಯ ಹಣೆಯ ಅಂಚಿನ ಸಣ್ಣ ಕೂದಲನ್ನು ಅಲಗಿನಿಂದ ತೆಗೆದು, ನುಣುಪಾದ ಹಣೆಯ ಮೇಲೆ ಕಪ್ಪು ಲೇಪದಲ್ಲಿ ಪಾಯೆಸ್ ಬರೆಯಬೇಕು. ನಡುವೆ ದೊಡ್ಡದೊಂದು ಎಸಳು, ಅದರ ಎರಡು ಮಗ್ಗುಲಿಗೆ ಚೂಪಾದ ಸಣ್ಣವು, ಕಿವಿಯ ಮುಂದೆ ಇಳಿಯುವ ಬಾಗು. ಗೆರೆ ಒಂದಿಷ್ಟು ಅಲುಗಿದರೂ ಇಡೀ ಮುಖ ಕೆಡುತ್ತದೆ. ಆ ಹೊತ್ತಿನಲ್ಲಿ ಮಾತ್ರ ಕಸ್ಮಿನಿ ಅಲ್ಲಾಡುತ್ತಿರಲಿಲ್ಲ. ಉಸಿರು ಕಟ್ಟುತ್ತಿದ್ದಳು, ಕಣ್ಣು ಮಿಟುಕಿಸುತ್ತಿರಲಿಲ್ಲ, ಬಲಗೈ ಬೇರೆ ಯಾರದೋ ಕೈಯಂತೆ ತಣ್ಣಗೆ ನಡೆಯುತ್ತಿತ್ತು. ಬದುಕಿನಲ್ಲಿ ಅವಳಿಗೆ ಸಿಕ್ಕಿದ್ದ ನೆಮ್ಮದಿ ಅಷ್ಟೇ, ಅದು ಸಾಕಾಗಿಯೂ ಇತ್ತು.

ಆ ಬೆಳಿಗ್ಗೆ ಗುಡ್ಡದ ಮೇಲಿನ ಬಡಾವಣೆಯಲ್ಲಿ ಒಬ್ಬ ಮದುಮಗಳು ಕಾಯುತ್ತಿದ್ದಳು. ಬೈಕು ಕರೆಸಿಕೊಟ್ಟವಳು ಅರುಮ್, ಕಸ್ಮಿನಿಯ ತಂಗಿಯ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಕಸ್ಮಿನಿಯ ಮೊಬೈಲಿನಲ್ಲಿ ಅಡುಗೆ ವಿಡಿಯೋಗಳು ತುಂಬಿ ಬೈಕು ಕರೆಸುವ ಆ್ಯಪ್ ಹಿಡಿಯುತ್ತಿರಲಿಲ್ಲ. ಓಣಿಯ ಅರ್ಧ ಜನರ ಕಥೆ ಹೀಗೆಯೇ, ಎಲ್ಲರೂ ಅರುಮಳ ಹೆಸರಿನಲ್ಲೇ ಊರು ಸುತ್ತುತ್ತಿದ್ದರು. ಬೈಕು ಕಳಿಸುವ ಕಂಪನಿಯ ಲೆಕ್ಕದಲ್ಲಿ ಅರುಮ್ ಎಂದರೆ ಒಂದೇ ಬೆಳಿಗ್ಗೆ ಮೀನು ಮಾರುಕಟ್ಟೆಗೂ ಹೆರಿಗೆ ಆಸ್ಪತ್ರೆಗೂ ಮಸೀದಿಗೂ ಹೋಗಿಬರುವ ವಿಚಿತ್ರ ಹುಡುಗಿ.

ನೇರಳೆ ಜಾಕೆಟ್ಟಿನ ಸವಾರ ಬಾಗಿಲಿಗೆ ಬಂದು ಬೈಕು ನಿಲ್ಲಿಸಿದ.

"ಅರುಮ್ ಅವರಾ?"

"ಹೂಂ," ಎಂದಳು ಕಸ್ಮಿನಿ. "ನೀವು ತ್ರಿಯೊನೊ ತಾನೆ?"

"ಹೂಂ, ಬು."

ಅಂಗಡಿಗೆ ಹೊರಡುವ ಮುಂಚೆ ಅರುಮ್ ತೋರಿಸಿದ್ದ ಫೋಟೋದಲ್ಲಿ ತ್ರಿಯೊನೊ ಎಂಬವನಿಗೆ ದಪ್ಪ ಮೀಸೆ ಇತ್ತು, ಅಗಲ ಮುಖವಿತ್ತು. ಎದುರಿಗಿದ್ದವನು ಸಣಕಲ, ಮೀಸೆಯ ಸುಳಿವಿಲ್ಲ. ಬೋಳಿಸಿಕೊಂಡಿರಬೇಕು ಎಂದುಕೊಂಡಳು. ಕೇಳುವುದು ಚೆನ್ನಾಗಿರುವುದಿಲ್ಲ. ಅವನಿಗೂ ಇವಳು ಅರುಮ್ ಅಲ್ಲವೆಂದು ಗೊತ್ತಾಗಿರಲೇಬೇಕು, ಅವನೂ ಕೇಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಹೂಂ ಎಂದುಕೊಂಡು ಹೊರಟರು.

ರೈಲ್ವೆ ನಿಲ್ದಾಣದ ಹಿಂದಿನ ರಸ್ತೆಗೆ ಉಬ್ಬರದ ನೀರು ಬಂದಿತ್ತು. ಮೊಣಕಾಲಿನವರೆಗೇನಲ್ಲ, ಪಾದ ಮುಳುಗುವಷ್ಟು. ಆ ನೀರಿನಡಿ ಗುಂಡಿ ಎಲ್ಲಿದೆ ಎಂದು ಓಣಿಯವರಿಗೆ ಗೊತ್ತು, ಅವನು ಆ ಕಡೆಯವನಲ್ಲ. ಮುಂದಿನ ಚಕ್ರ ಇಳಿಯಿತು. ಕಸ್ಮಿನಿ ಎಡಗೈಯಲ್ಲಿ ಅಪ್ಪಿಕೊಂಡಿದ್ದ ಸಿಂಗಾರದ ಪೆಟ್ಟಿಗೆಯನ್ನು ಬಿಡಲಿಲ್ಲ, ಬಲಗೈಯನ್ನು ನೆಲಕ್ಕೆ ಊರಿದಳು. ಮಣಿಕಟ್ಟಿನಲ್ಲಿ ಒಣಸೌದೆ ಮುರಿದಂಥ ಸದ್ದಾಯಿತು. ಪೆಟ್ಟಿಗೆಯಲ್ಲಿ ಒಂದು ಹೂವೂ ನಲುಗಿರಲಿಲ್ಲ.

ಆಸ್ಪತ್ರೆಗೆ ಅವನೇ ಕರೆದೊಯ್ದ. ಮರುದಿನ ಹೆಂಡತಿಯನ್ನೂ ಕಂಕುಳ ಕೂಸನ್ನೂ ಕರೆದುಕೊಂಡು, ಒಂದು ದೊಡ್ಡ ಚಿಪ್ಪು ಬಾಳೆಹಣ್ಣು ಹಿಡಿದು ಬಂದ. ಮಂಚದ ಪಕ್ಕ ನೆಲಕ್ಕೆ ಮಂಡಿಯೂರಿ ಬಾಗಿದ. ಹೆಸರು ಸುಗೆಂಗ್ ಅಂತ, ತ್ರಿಯೊನೊ ಅಲ್ಲ ಅಂತ, ಆಗ ಹೇಳಿದ. ಉಳಿದದ್ದನ್ನು ಹೇಳಿದವಳು ಹೆಂಡತಿ ವಿಜಿ.

"ಖಾತೆ ನಮ್ಮಣ್ಣಂದು, ಬು. ಅವನು ಹಡಗಿನ ಕೆಲಸಕ್ಕೆ ಹೋಗಿದಾನೆ. ಈ ಊರಲ್ಲಿ ಹೊಸಬ್ರನ್ನ ತಗೊಳ್ಳೋದು ಕಂಪನಿಯೋರು ನಿಲ್ಲಿಸಿಬಿಟ್ಟಿದಾರೆ. ಅದಕ್ಕೆ ಇವರು ಅವನ ಹೆಸರಲ್ಲೇ... ಈಗ ಯಾರಾದ್ರೂ ಬಂದು ಕೇಳಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ ಕೂಸಿನ ಮೂಗು ಒರೆಸಿದಳು.

ಅರ್ಧ ಮಾತನ್ನು ಪೂರ್ತಿ ಮಾಡುವುದು ಕೇಳಿಸಿಕೊಂಡವರ ಕೆಲಸ. ಕಸ್ಮಿನಿ ಮಾಡಿದಳು. "ಕೇಳಿದ್ರೆ ನಾನೇ ಜಾರಿ ಬಿದ್ದೆ ಅಂತೀನಿ ಬಿಡಮ್ಮ. ಮನೆಯೋರ ಹಾಗೆ ನಮ್ಮನಮ್ಮಲ್ಲೇ ಮುಗಿಸ್ಕೊಳ್ಳೋಣ. ಪೊಲೀಸು ಗಿಲೀಸು ಯಾಕೆ?"

ಬಾಳೆಹಣ್ಣನ್ನು ವಾರ್ಡಿನವರೆಲ್ಲ ತಿಂದರು. ಪೊಲೀಸು ಬರಲಿಲ್ಲ.

ಕೆಲವು ವಾರಗಳ ಮೇಲೆ ಪಟ್ಟಿ ಬಿಚ್ಚಿದಾಗ ಮಣಿಕಟ್ಟು ಒಂದು ಕಡೆಗೆ ವಾಲಿತ್ತು. ಮೂಳೆ ಸೊಟ್ಟಗೆ ಕೂಡಿದೆ ಎಂದರು ವೈದ್ಯರು. ಮತ್ತೆ ಬಿಡಿಸಿ, ಲೋಹದ ಪಟ್ಟಿ ಹಾಕಿ ಕೂರಿಸಬೇಕು, ಅದೂ ಬೇಗ. ತಡವಾದರೆ ಮೂಳೆ ಗಟ್ಟಿಯಾಗಿ ಬೆರಳುಗಳ ಹಿಡಿತ ಹಿಂದಿರುಗುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿದ್ದವಳು, "ಬಾಡಿಗೆ ಬೈಕಿನ ಅಪಘಾತ ಅಲ್ವಾ? ಕಂಪನಿ ವಿಮೆಯವರ ಪತ್ರ ತನ್ನಿ. ಅವರು ಕೊಡಲ್ಲ ಅಂದ್ರೆ ಆಮೇಲೆ ಸರ್ಕಾರಿ ಸರದಿ. ಸರದಿ ಉದ್ದ ಇದೆ" ಎಂದಳು.

ಮನೆಗೆ ಬಂದು ಕಸ್ಮಿನಿ ಬಿಳಿಯ ಪಿಂಗಾಣಿ ತಟ್ಟೆಯೊಂದನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಕಪ್ಪು ಲೇಪದಲ್ಲಿ ನಡುವಿನ ಎಸಳನ್ನು ಬರೆಯಲು ಹೋದಳು. ಗೆರೆ ಎರೆಹುಳದಂತೆ ಹೊರಳಿತು. ಒರೆಸಿ ಮತ್ತೆ ಬರೆದಳು. ಮತ್ತೆ ಒರೆಸಿದಳು. ಸಂಜೆ ಅರುಮ್ ಬಂದಾಗ ತೊಳೆಯುವ ನೀರೆಲ್ಲ ಕಪ್ಪಾಗಿತ್ತು, ಕಸ್ಮಿನಿ ಹಿತ್ತಿಲಿಗೂ ಬೀದಿಬಾಗಿಲಿಗೂ ಓಡಾಡುತ್ತಿದ್ದಳು.

ಕಂಪನಿಗೆ ಫೋನು ಮಾಡಿದವಳು ಅರುಮ್. ಆ ಕಡೆಯ ಜೇನಿನ ದನಿ ಹೇಳಿದ್ದು ಇಷ್ಟೇ: ನಮ್ಮ ದಾಖಲೆಯ ಪ್ರಕಾರ ಗ್ರಾಹಕರು ಸುರಕ್ಷಿತವಾಗಿ ತಲುಪಿದ್ದಾರೆ, ನಿಮಗೆ ಇನ್ನೇನಾದರೂ ಸಹಾಯ ಬೇಕೇ?

"ನಡಿ ಬುಧೆ, ವಕೀಲರ ಹತ್ರ ಹೋಗೋಣ," ಎಂದಳು ಅರುಮ್. ತಾಯಿಯ ಅಕ್ಕನನ್ನು ಅಲ್ಲಿ ಬುಧೆ ಎಂದೇ ಕರೆಯುವುದು.

"ವಕೀಲರು ಯಾಕೆ? ಯಾರ ಜೊತೆ ಜಗಳ?"

"ಜಗಳ ಇಲ್ಲ. ಕೈ ಬೇಕೋ ಬೇಡ್ವೋ ಅಷ್ಟು ಹೇಳು."

ಕೋರ್ಟಿನ ಹಿಂದೆ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬಡವರಿಗೆ ಪುಕ್ಕಟೆಯಾಗಿ ಕಾನೂನು ನೆರವು ಕೊಡುವ ಕಚೇರಿ ಇತ್ತು. ಅಲ್ಲಿನ ವಕೀಲೆ ಬು ತಿಯೂರ್ಮಾ, ಸುಮಾತ್ರದ ಉತ್ತರದ ಬತಾಕ್ ಜನದವಳು. ಬತಾಕರು ಚಹಾ ಕೇಳಿದರೂ ಜಾವಾದವರಿಗೆ ಜಗಳ ತೆಗೆದಂತೆ ಕೇಳುತ್ತದೆ. ಮೆಟ್ಟಿಲ ಮೇಲೆಯೇ ಆಕೆಯ ದನಿ ಕೇಳಿ ಕಸ್ಮಿನಿ ಹಿಂದಕ್ಕೆ ತಿರುಗಿದಳು. ಅರುಮ್ ಸೊಂಟಕ್ಕೆ ಕೈಕೊಟ್ಟು ಮೇಲಕ್ಕೆ ನೂಕಿದಳು.

ತಿಯೂರ್ಮಾ ಹುರಿದ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. "ಏನಾಗ್ಬೇಕು?"

"ಏನಿಲ್ಲ ಬು. ಹೀಗೇ ಈ ಕಡೆ ಬಂದಿದ್ವಿ."

"ಹೀಗೇ ಬಂದೋರು ಇಷ್ಟು ಮೆಟ್ಟಿಲು ಹತ್ತಲ್ಲ. ಕೈ ಸೊಟ್ಟಗಿದೆ. ಯಾರು ಮುರಿದ್ರು?"

"ಯಾರೂ ಇಲ್ಲ. ನೀರು ಬಂದಿತ್ತು."

"ನೀರಿನ ಮೇಲೆ ಕೇಸು ಹಾಕೋಕಾಗಲ್ಲ. ಮೊದಲಿಂದ ಹೇಳಿ. ಕೂತ್ಕೊಂಡು ಹೇಳಿ, ನನ್ನ ಕಪಾಟು ಆಮೇಲೆ ಒರೆಸಬಹುದು."

ಕಸ್ಮಿನಿ ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯನ್ನು ಕಪಾಟಿನಿಂದ ಎಳೆದುಕೊಂಡು ಕೂತಳು. ಹೇಳುತ್ತಾ ಹೋದಳು. ಎಲ್ಲವನ್ನೂ ಸುತ್ತುಬಳಸಿ, ಯಾರ ಮೇಲೂ ತಪ್ಪು ಬೀಳದಂತೆ, ಮದುಮಗಳಿಗೆ ತೊಂದರೆಯಾಯಿತಲ್ಲ ಎಂಬ ಬೇಸರವನ್ನೇ ಮುಂದೆ ಮಾಡಿ ಹೇಳಿದಳು. ತಿಯೂರ್ಮಾ ನಡುವೆ ನಡುವೆ ಕತ್ತರಿ ಹಾಕಿದಳು. ಬೈಕು ಕರೆಸಿದ್ದು ಯಾರ ಮೊಬೈಲಿನಿಂದ? ಓಡಿಸಿದ್ದು ಯಾರ ಹೆಸರಲ್ಲಿ? ಸವಾರಿ ಮುಗಿಯಿತು ಅಂತ ಒತ್ತಿದ್ದು ಯಾರು?

"ಗಾಬರೀಲಿ ಸುಗೆಂಗೇ ಒತ್ತಿಬಿಟ್ಟ, ಆಸ್ಪತ್ರೆ ಬಾಗಿಲಲ್ಲಿ," ಎಂದಳು ಕಸ್ಮಿನಿ. "ಒತ್ತದೇ ಇದ್ರೆ ಖಾತೆಗೆ ದಂಡ ಬೀಳುತ್ತಂತೆ."

"ಆಮೇಲೆ?"

ಅರುಮ್ ತಲೆ ತಗ್ಗಿಸಿದಳು. "ಆಮೇಲೆ ನನ್ನ ಮೊಬೈಲಿಗೆ ಬಂತು. ಸವಾರಿ ಹೇಗಿತ್ತು ಅಂತ."

"ನೀನೇನು ಮಾಡಿದೆ?"

"ಅಂಗಡೀಲಿ ಜನ ಇದ್ರು. ಬುಧೆ ಬಿದ್ದಿದ್ದು ಇನ್ನೂ ಗೊತ್ತಿರ್ಲಿಲ್ಲ. ಐದು ನಕ್ಷತ್ರ ಒತ್ತಿದೆ."

"ಅಷ್ಟೇನಾ?"

"ಸವಾರ ಬಹಳ ಮರ್ಯಾದಸ್ಥ, ಧನ್ಯವಾದ ಅಂತ ಬರೆದೆ. ಕಡಿಮೆ ಕೊಟ್ರೆ ಪಾಪ ಅವರ ಹೊಟ್ಟೆಗೆ ಹೊಡೆದ ಹಾಗೆ ಅಲ್ವಾ? ನಾನು ಯಾವಾಗ್ಲೂ ಐದೇ ಕೊಡೋದು."

"ಬಿದ್ದಿದ್ದು ಗೊತ್ತಾದ ಮೇಲೆ ತೆಗೆದ್ಯಾ?"

"ಕೊಟ್ಟಿದ್ದನ್ನ ಹೇಗೆ ವಾಪಸ್ ಕೇಳೋದು?"

ತಿಯೂರ್ಮಾ ಕಡಲೆಕಾಯಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. ಒಂದು ಗಳಿಗೆ ಸೂರು ನೋಡಿದಳು. ಆಮೇಲೆ ಪಕ್ಕದ ಕೋಣೆಯವರೂ ಕೆಲಸ ನಿಲ್ಲಿಸುವಷ್ಟು ಜೋರಾಗಿ ನಕ್ಕಳು.

"ಅಮ್ಮಾ ತಾಯಿ! ಕಂಪನಿ ದಾಖಲೇಲಿ ಇರೋದು ಇಷ್ಟು. ಹಡಗಲ್ಲಿರೋ ಒಬ್ಬ ಗಂಡಸು ಔಷಧಿ ಅಂಗಡೀಲಿರೋ ಒಬ್ಬ ಹುಡುಗೀನ ಬೈಕಲ್ಲಿ ಕೂರಿಸ್ಕೊಂಡು ಸುಖವಾಗಿ ತಲುಪಿಸಿದಾನೆ, ಅವಳು ಸಂತೋಷವಾಗಿ ಮೆಚ್ಕೊಂಡಿದಾಳೆ. ಆ ಸವಾರೀಲಿ ನೀವೂ ಇಲ್ಲ, ಆ ಸುಗೆಂಗೂ ಇಲ್ಲ. ಹಾಗಾದ್ರೆ ಬಿದ್ದಿದ್ದು ಯಾರು?"

ಕಸ್ಮಿನಿಗೂ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿಯಲು ಹೋದಳು, ಬಲಗೈ ಅಷ್ಟೆತ್ತರಕ್ಕೆ ಬಾಗಲಿಲ್ಲ. ನಗು ನಿಂತಿತು.

ತಿಯೂರ್ಮಾ ಮೆಲುದನಿಯಲ್ಲಿ, ಅಂದರೆ ಬೇರೆಯವರು ಮಾತಾಡುವಷ್ಟು ದನಿಯಲ್ಲಿ, ವಿವರಿಸಿದಳು. ಕಂಪನಿಗೆ ನೋಟೀಸು ಕೊಡೋಣ, ಗ್ರಾಹಕರ ವ್ಯಾಜ್ಯ ಬಗೆಹರಿಸುವ ಕಚೇರಿಗೆ ಅರ್ಜಿ ಹಾಕೋಣ. ಪ್ರತಿ ಸವಾರಿಯಿಂದಲೂ ಪಾಲು ತೆಗೆದುಕೊಳ್ಳುವ ಕಂಪನಿ, ಬಿದ್ದಾಗ ನನಗೇನು ಗೊತ್ತು ಎನ್ನುವಂತಿಲ್ಲ. ಆದರೆ ಬೈಕಿನಲ್ಲಿದ್ದವರು ಯಾರು ಎಂದು ಮೊದಲು ಸಾಬೀತಾಗಬೇಕು. ಅರುಮ್ ತನ್ನ ಕಡೆಯದನ್ನು ಹೇಳುತ್ತಾಳೆ. ಇನ್ನರ್ಧ ಸುಗೆಂಗ್ ಬಂದು ಹೇಳಬೇಕು: ಓಡಿಸಿದ್ದು ನಾನು, ಹಿಂದೆ ಕೂತಿದ್ದು ಈಕೆ.

"ಹೇಳಿದ್ರೆ ಅವನಿಗೇನಾಗುತ್ತೆ?" ಎಂದಳು ಕಸ್ಮಿನಿ.

"ಖಾತೆ ಮುಚ್ತಾರೆ. ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡಲ್ಲ ನಾನು. ನೀವೇ ಹೋಗಿ ಕೇಳಿ. ನಾನು ಹೋದ್ರೆ ಆ ಮನುಷ್ಯ ಹಿತ್ತಲ ಬಾಗಿಲಿಂದ ಓಡ್ತಾನೆ."

ಕಸ್ಮಿನಿ ಹೋದಳು. ಕಾಲುವೆಯ ಆಚೆ, ಬಿದಿರ ಚಾಪೆಯ ಗೋಡೆಯ ಎರಡು ಕೋಣೆಯ ಮನೆ. ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ವಿಜಿ ಸೋಯಾಕಾಳಿನ ತೆಂಪೆ ಬಿಸಿಬಿಸಿ ಕರಿದು ತಂದಿಟ್ಟಳು, ಮಲ್ಲಿಗೆಯ ಚಹಾಕ್ಕೆ ಸಕ್ಕರೆ ಸುರಿದು ಕೊಟ್ಟಳು. ಕೂಸಿಗೆ ಹಲ್ಲು ಬಂತಾ? ಬಂತು, ಬು. ಈ ಸಲ ಉಬ್ಬರ ಜೋರು. ಹೂಂ, ಜೋರು. ಕೈ ಹೇಗಿದೆ? ಹೀಗಿದೆ. ಸುಗೆಂಗ್ ಗೋಡೆಗೊರಗಿ ಕೂತು ತನ್ನ ಕಾಲ್ಬೆರಳು ನೋಡುತ್ತಿದ್ದ. ಕಸ್ಮಿನಿ ತೆಂಪೆ ತಿಂದು, ಚಹಾ ಕುಡಿದು, ಎದ್ದು ಬಂದಳು.

ಮತ್ತೆ ಹೋದಳು. ಈ ಸಲ ತಾನೇ ಒಂದಿಷ್ಟು ಲುಂಪಿಯಾ, ಹೂರಣ ತುಂಬಿ ಕರಿದ ಸುರುಳಿ, ಕೊಂಡೊಯ್ದಳು. ಅದನ್ನು ಎಲ್ಲರೂ ತಿಂದರು. ಮತ್ತೂ ಹೋದಳು.

ಅವಳು ಯಾಕೆ ಬರುತ್ತಾಳೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಬಂದ ಕೆಲಸವನ್ನು ಬಾಯಿಬಿಟ್ಟು ಹೇಳದ ಅತಿಥಿ ಏನನ್ನೋ ಬೇಡಲು ಬಂದಿದ್ದಾಳೆ ಎಂದು ಆ ಊರಿನ ಮಗುವಿಗೂ ತಿಳಿಯುತ್ತದೆ. ಅವಳು ಕೇಳದಿರುವವರೆಗೆ ಇವರು ಕೊಡಬೇಕಾಗಿಲ್ಲ. ಆದ್ದರಿಂದ ವಿಜಿ ತೆಂಪೆಯ ತಟ್ಟೆ ಬರಿದಾಗಲು ಬಿಡಲಿಲ್ಲ.

"ಕೇಳಿದ್ರಾ?" ಎಂದು ಫೋನಿನಲ್ಲಿ ತಿಯೂರ್ಮಾ ಗುಡುಗಿದಳು.

"ಹೋಗಿದ್ದೆ, ಬು."

"ಹೋಗಿದ್ರಾ ಅಂತ ಕೇಳಲಿಲ್ಲ ನಾನು."

"ಕೇಳಿದ ಹಾಗೇ ಆಯ್ತು. ಅವರಿಗೆ ಅರ್ಥ ಆಗಿದೆ."

"ಅರ್ಥ ಆಗಿರೋದನ್ನ ಕಚೇರೀಲಿ ಬರ್ಕೊಳ್ಳಲ್ಲ ಕಣಮ್ಮ! ವಿಚಾರಣೆ ದಿನ ಹತ್ರ ಬಂತು. ನಿಮ್ಮ ಮೂಳೆ ನಿಮ್ಮ ಸಂಕೋಚ ನೋಡ್ಕೊಂಡು ಕಾಯುತ್ತಾ?"

ಆ ವಾರವೇ ಪಕ್ಕದ ಮನೆಯ ಬು ಮುರ್ತಿನಿ ಬಂದಳು. ಅವಳ ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ, "ಇವಳ ಹಣೆ ನಂದು, ಬೇರೆ ಯಾರಿಗೂ ಕೊಡಬೇಡ" ಎಂದು ಕಸ್ಮಿನಿ ಹೇಳಿಟ್ಟಿದ್ದಳು. ಮುರ್ತಿನಿ ದೊಡ್ಡ ಬಟ್ಟಲ ತುಂಬಾ ಕೋಳಿಸಾರು ತಂದಿದ್ದಳು. ಕೋಳಿಸಾರು ನೋಡಿಯೇ ಕಸ್ಮಿನಿಗೆ ತಿಳಿಯಿತು.

"ನಿಮಗೆ ಆಯಾಸ ಕೊಡಬಾರದು ಅಂತ," ಎಂದಳು ಮುರ್ತಿನಿ. "ಈ ಸಲ ಉಂಗಾರಾನಿಂದ ಒಬ್ಬಾಕೆ ಬರ್ತಾಳೆ. ನೀವು ಆರಾಮಾಗಿ ಮುಂದಿನ ಸಾಲಲ್ಲಿ ಕೂತು ನೋಡಬೇಕು. ಕೈಗೆ ವಿಶ್ರಾಂತಿ ಮುಖ್ಯ."

"ಹೌದು ಹೌದು. ಒಳ್ಳೇದು ಮಾಡಿದ್ರಿ," ಎಂದಳು ಕಸ್ಮಿನಿ. ನಗುತ್ತಲೇ ಬಟ್ಟಲು ತೊಳೆದು, ಅದರಲ್ಲಿ ಒಂದಿಷ್ಟು ಮಾವಿನಕಾಯಿ ಇಟ್ಟು ಕೊಟ್ಟು ಕಳಿಸಿದಳು.

ಸಾರನ್ನು ಮುಟ್ಟಲಿಲ್ಲ. ಹಿತ್ತಿಲಿಗೆ ಹೋದಳು, ಬಂದಳು, ನೆಲ ಗುಡಿಸಿದಳು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಇಷ್ಟು ನಯವಾಗಿ, ಇಷ್ಟು ಉಪಚಾರದಿಂದ ತನ್ನ ಕೈಯನ್ನು ಸತ್ತುಹೋದದ್ದೆಂದು ಬರೆದಿಟ್ಟಿದ್ದಾರೆ. ಯಾರೂ ಒರಟು ಮಾತಾಡಲಿಲ್ಲ. ತಾನೂ ಆಡಲಿಲ್ಲ. ಹೀಗೆಯೇ ಎಲ್ಲರೂ ಮರ್ಯಾದೆಯಿಂದ ಇದ್ದರೆ ಉಳಿದ ಆಯುಷ್ಯವನ್ನು ಮುಂದಿನ ಸಾಲಿನಲ್ಲಿ ಕೂತು ಕಳೆಯಬೇಕು. ಪೊರಕೆಯನ್ನು ಅಲ್ಲೇ ಎಸೆದು, ಚಪ್ಪಲಿ ಮೆಟ್ಟಿ, ಕಾಲುವೆ ದಾಟಿದಳು.

ವಿಜಿ ಬಾಣಲೆ ಒಲೆಗಿಡಲು ಎದ್ದಳು.

"ತೆಂಪೆ ಬೇಡ. ಕೂತ್ಕೋ," ಎಂದಳು ಕಸ್ಮಿನಿ. ಆ ದನಿ ಅವಳಿಗೇ ಹೊಸದು. "ಸುಗೆಂಗ್, ನೀನು ಬಂದು ಹೇಳಬೇಕು. ಬೈಕು ಓಡಿಸಿದ್ದು ನೀನು, ಹಿಂದೆ ಇದ್ದಿದ್ದು ನಾನು ಅಂತ. ಅಷ್ಟೇ. ಬರ್ತೀಯೋ ಇಲ್ವೋ?"

ವಿಜಿ ಬಾಣಲೆಯನ್ನು ಕೆಳಗಿಟ್ಟಳು.

"ಬು," ಎಂದಳು ವಿಜಿ, "ಆಸ್ಪತ್ರೇಲಿ ನೀವೇ ಅಂದಿದ್ರಿ. ನಮ್ಮನಮ್ಮಲ್ಲೇ ಮುಗಿಸ್ಕೊಳ್ಳೋಣ ಅಂತ."

"ಅಂದಿದ್ದೆ. ಈಗ ಆ ಮಾತು ವಾಪಸ್ ತಗೋತಿದೀನಿ."

"ಹಿರಿಯರು ಮಾತು ವಾಪಸ್ ತಗೊಳ್ಳೋದು..."

"ನಾಚಿಕೆ ಆಗುತ್ತೆ. ನಾಚಿಕೆ ಆಗಿಯೇ ತಗೋತಿದೀನಿ."

"ನಿಮಗೆ ಕೈ, ನಮಗೆ ಒಲೆ," ಎಂದಳು ವಿಜಿ. ಮುಖ ಕೆಂಪಾಗಿತ್ತು. "ಖಾತೆ ಹೋದ್ರೆ ನಮ್ಮ ಒಲೆ ಯಾರು ಹೊತ್ತಿಸ್ತಾರೆ? ನಿಮ್ಮ ವಕೀಲಮ್ಮನಾ?"

"ಇಲ್ಲ. ಅವರು ಹೊತ್ತಿಸಲ್ಲ. ನಾನೂ ಹೊತ್ತಿಸ್ತೀನಿ ಅಂತ ಸುಳ್ಳು ಹೇಳಲ್ಲ. ಆದ್ರೆ ನನ್ನ ಕೈ ನಿಮ್ಮ ಮನೆ ಬೈಕಿಂದ ಬಿದ್ದೇ ಮುರಿದಿರೋದು. ಅದನ್ನ ಯಾರ ಹತ್ರಾನೂ ಹೇಳಬೇಡ ಅಂತ ನನಗೆ ನಾನೇ ಹೇಳ್ಕೊಂಡು ಸಾಕಾಗಿದೆ."

ಸುಗೆಂಗ್ ಕಾಲ್ಬೆರಳಿನಿಂದ ಕಣ್ಣೆತ್ತಲಿಲ್ಲ. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕಸ್ಮಿನಿ ವಿಚಾರಣೆಯ ದಿನ, ಜಾಗ ಹೇಳಿ, ಏನೂ ತಿನ್ನದೆ ಏನೂ ಕುಡಿಯದೆ ಹೊರಬಿದ್ದಳು. ಆ ಮನೆಯಿಂದ ಹಾಗೆ ಯಾರೂ ಎದ್ದು ಹೋಗಿರಲಿಕ್ಕಿಲ್ಲ.

ವಿಚಾರಣೆಯ ದಿನ ಕಂಪನಿಯ ಕಡೆಯಿಂದ ಗರಿಗರಿ ಅಂಗಿಯ ಯುವಕನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ಎಲ್ಲರಿಗೂ ಬಾಗಿ ನಮಸ್ಕರಿಸಿದ, ಕಸ್ಮಿನಿಗೆ ತಾನೇ ಕುರ್ಚಿ ಎಳೆದು ಕೊಟ್ಟ. ಆಮೇಲೆ ಪರದೆಯ ಮೇಲೆ ಆ ಸವಾರಿಯನ್ನು ತೋರಿಸಿದ: ಸವಾರ ತ್ರಿಯೊನೊ, ಮೀಸೆ ಸಮೇತ. ಪ್ರಯಾಣಿಕರು ಅರುಮ್. ಸವಾರಿ ಮುಗಿದಿದೆ. ಐದು ನಕ್ಷತ್ರ. ಬಹಳ ಮರ್ಯಾದಸ್ಥ, ಧನ್ಯವಾದ.

"ಬು ಕಸ್ಮಿನಿಯವರ ನೋವಿಗೆ ನಮ್ಮ ಸಹಾನುಭೂತಿ ಇದೆ," ಎಂದ. "ಆದರೆ ಅವರು ನಮ್ಮ ಪ್ರಯಾಣಿಕರಲ್ಲ."

ಅರುಮ್ ಎದ್ದು ನಿಂತು ತನ್ನದನ್ನು ಹೇಳಿದಳು. ಐದು ನಕ್ಷತ್ರದ್ದನ್ನೂ ಬಿಡದೆ ಪೂರ್ತಿ ಹೇಳಿದಳು. ಯುವಕ ಕೇಳಿಸಿಕೊಂಡು, "ತಮ್ಮ ಮಾತಿಗೆ ಬೇರೆ ಯಾರಾದರೂ ಸಾಕ್ಷಿ?" ಎಂದ.

ಕಸ್ಮಿನಿ ಕುರ್ಚಿಯಲ್ಲಿ ಕೂರಲಾರದೆ ಕಿಟಕಿಗೆ ಹೋಗಿದ್ದಳು. ಅಲ್ಲಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಮಧ್ಯಸ್ಥಿಕೆಗೆ ಕೂತಿದ್ದ ಹಿರಿಯರು ಎರಡು ಸಲ ಕೆಮ್ಮಿದರು. "ಬಿಡಿ ಸರ್, ಅವರು ಕೂತ್ರೇನೇ ನಾನು ಹೆದರೋದು," ಎಂದಳು ತಿಯೂರ್ಮಾ. ಕೆಳಗೆ ಬೀದಿಯಲ್ಲಿ ನೇರಳೆ ಜಾಕೆಟ್ಟುಗಳು ಹೋಗುತ್ತಿದ್ದವು, ಬರುತ್ತಿದ್ದವು. ಯಾವುದೂ ನಿಲ್ಲಲಿಲ್ಲ. ಮಧ್ಯಸ್ಥರು ಕಡತ ಮುಚ್ಚುವಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಜಾಕೆಟ್ಟಿಲ್ಲದೆ, ಮದುವೆಮನೆಗೆ ಹಾಕುವ ಬಾಟಿಕ್ ಅಂಗಿ ಹಾಕಿಕೊಂಡು ಸುಗೆಂಗ್ ನಿಂತಿದ್ದ.

"ನನ್ನ ಹೆಸರು ಸುಗೆಂಗ್," ಎಂದ ಗೋಡೆಯ ಕಡೆ ನೋಡುತ್ತಾ. "ಆ ಫೋಟೋದಲ್ಲಿರೋನು ನನ್ನ ಹೆಂಡತಿ ಅಣ್ಣ. ಅವನು ಆವತ್ತು ಸಮುದ್ರದ ಮೇಲಿದ್ದ. ಬೈಕು ಓಡಿಸಿದ್ದು ನಾನು. ಹಿಂದೆ ಇದ್ದಿದ್ದು ಇವರು. ಗುಂಡಿ ನನಗೆ ಕಾಣಲಿಲ್ಲ."

ಗರಿಗರಿ ಅಂಗಿಯವನು ಏನನ್ನೋ ಒತ್ತಿದ. ಸುಗೆಂಗನ ಜೇಬಿನಲ್ಲಿದ್ದ ಮೊಬೈಲು ಒಮ್ಮೆ ಗುಂಯ್‌ಗುಟ್ಟಿತು. ಅವನು ತೆಗೆದು ನೋಡಲಿಲ್ಲ. ಏನು ಬಂದಿದೆಯೆಂದು ಅವನಿಗೆ ಗೊತ್ತಿತ್ತು.

ಹೊರಗೆ ಮೆಟ್ಟಿಲ ಬಳಿ ಕಸ್ಮಿನಿ ಅವನ ಹಿಂದೆಯೇ ಓಡಿದಳು. "ಸುಗೆಂಗ್, ನಿನ್ನ ಉಪಕಾರ..."

"ನನ್ನದೇನಿಲ್ಲ ಬು," ಎಂದ. "ವಿಜಿಯೇ ಕಳಿಸಿದ್ದು. ಹೋಗಿ ಹೇಳಿ ಬನ್ನಿ, ಇಲ್ದಿದ್ರೆ ಆಕೆ ಸಾಯೋವರೆಗೂ ವಾರವಾರ ಬಂದು ಕೂರ್ತಾಳೆ, ಅಷ್ಟು ತೆಂಪೆ ಎಲ್ಲಿಂದ ತರೋಣ ಅಂದ್ಳು." ಅವನು ನಗಲಿಲ್ಲ. ಅದು ತಮಾಷೆಯೂ ಆಗಿರಲಿಲ್ಲ.

ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಮಾನವೀಯತೆಯ ದೃಷ್ಟಿಯಿಂದ ಎಂಬ ಮಾತು ಸೇರಿಸಿ, ಶಸ್ತ್ರಚಿಕಿತ್ಸೆಯ ಖರ್ಚನ್ನು ತಾನು ನೋಡಿಕೊಳ್ಳುತ್ತೇನೆಂದು ಸಹಿ ಮಾಡಿತು. "ಮಾನವೀಯತೆ ಅಂತಾದ್ರೂ ಬರ್ಕೊಳ್ಳಲಿ, ಮಂಗನಾಟ ಅಂತಾದ್ರೂ ಬರ್ಕೊಳ್ಳಲಿ, ಸಹಿ ಸರಿಯಾಗಿದ್ರೆ ಸಾಕು," ಎಂದಳು ತಿಯೂರ್ಮಾ. ಅವಳು ಅದಕ್ಕಿಂತ ಹೆಚ್ಚು ಕೇಳಿದ್ದಳು, ಸಿಗಲಿಲ್ಲ. ಗೆದ್ದೆವೆಂದು ಯಾರೂ ಹೇಳಲಿಲ್ಲ.

ಮೂಳೆ ಬಿಡಿಸಿ ಕೂರಿಸಿದರು. ಕೈ ಹಿಂದಿರುಗಿತು, ಹೋದಷ್ಟೂ ಹಿಂದಿರುಗಲಿಲ್ಲ. ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ, ಮಳೆಗಾಲದಲ್ಲಿ ಮಣಿಕಟ್ಟು ಬಿಗಿಯುತ್ತದೆ. ಆದರೆ ತಟ್ಟೆಯ ಬೆನ್ನಿನ ಮೇಲೆ, ಬಲಗೈಯನ್ನು ಎಡಗೈಯ ಮೇಲೆ ಊರಿ ಬರೆದಾಗ, ಗೆರೆ ನೆಟ್ಟಗೆ ನಿಂತಿತು. ತಿಂಗಳುಗಟ್ಟಲೆ ಹಾಗೆ ಬರೆದು ಒರೆಸಿದ ಮೇಲೆ, ಮೊದಲ ಹಣೆಯಾಗಿ ಅರುಮಳನ್ನೇ ಕೂರಿಸಿದಳು. "ಅಲುಗಬೇಡ." "ನಾನಲ್ಲ ಬುಧೆ, ನೀನು." "ಬಾಯಿ ಮುಚ್ಚು." ಉಸಿರು ಕಟ್ಟಿ ಬರೆದಳು. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಒಂದು ಗಳಿಗೆ ಯಾವುದೂ ಓಡಾಡಲಿಲ್ಲ.

ಮುರ್ತಿನಿಯ ಮಗಳ ಮದುವೆ ಅಷ್ಟರಲ್ಲಿ ಮುಗಿದುಹೋಗಿತ್ತು. ಕಸ್ಮಿನಿ ಮುಂದಿನ ಸಾಲಿನಲ್ಲಿ ಕೂತು ನೋಡಿದ್ದಳು. ಉಂಗಾರಾನಿನವಳ ಎಡಗಡೆಯ ಎಸಳು ದಪ್ಪಗಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂಬುದನ್ನೂ ಅವಳು ಮರೆತಿರಲಿಲ್ಲ.

ಸುಗೆಂಗ್ ಈಗ ಮೀನಿನ ಕಟ್ಟೆಯಲ್ಲಿ ಬುಟ್ಟಿ ಹೊರುತ್ತಾನೆ. ಎದುರಾದರೆ ತಲೆಬಾಗಿ ಹೋಗುತ್ತಾನೆ. ವಿಜಿ ಮಾತ್ರ ಮಾರುಕಟ್ಟೆಯಲ್ಲಿ ಕಸ್ಮಿನಿಯನ್ನು ಕಂಡ ಕೂಡಲೇ ಮೆಣಸಿನಕಾಯಿ ಆರಿಸುವುದರಲ್ಲಿ ಮುಳುಗಿಬಿಡುತ್ತಾಳೆ. ಕಸ್ಮಿನಿಯೂ ಹತ್ತಿರ ಹೋಗುವುದಿಲ್ಲ. ಒಮ್ಮೆ ಕೂಸಿಗೆಂದು ಒಂದು ಪೊಟ್ಟಣ ತೆಂಗಿನಕಾಯಿಯ ಬಿಲ್ಲೆ ಕಳಿಸಿದ್ದಳು. ಅದು ಬಿಚ್ಚದೆ ಹಾಗೆಯೇ ವಾಪಸು ಬಂತು. ತಾನು ತೆಂಪೆ ಮುಟ್ಟದೆ ಎದ್ದು ಬಂದವಳು, ಇದನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಯಾವ ವಕೀಲರೂ ಬೇಕಾಗಲಿಲ್ಲ.

ಮದುವೆಯ ತಿಂಗಳು ಬಂದಾಗ ಗುಡ್ಡದ ಕಡೆಯಿಂದಲೇ ಮೊದಲ ಕರೆ ಬಂತು. ಕಸ್ಮಿನಿ ಅಡುಗೆ ವಿಡಿಯೋಗಳನ್ನೆಲ್ಲ ಅಳಿಸಿ, ತನ್ನ ಮೊಬೈಲಿನಲ್ಲೇ, ತನ್ನ ಹೆಸರಿನಲ್ಲೇ ಬೈಕು ಕರೆಸಿದಳು. ಪೆಟ್ಟಿಗೆ ಹಿಡಿದು ಓಣಿಯ ತುದಿಯಲ್ಲಿ ಆಚೀಚೆ ನಡೆಯುತ್ತಿದ್ದಳು. ನೇರಳೆ ಜಾಕೆಟ್ಟು ಬಂದು ನಿಂತಿತು.

"ಬು ಕಸ್ಮಿನಿ?"

"ಹೌದು. ನಾನೇ." ಪರದೆ ನೋಡಿದಳು. ಅಲ್ಲಿ ಕನ್ನಡಕದ ನಡುವಯಸ್ಸಿನವನೊಬ್ಬನ ಫೋಟೋ. ಎದುರಿಗೆ ಕನ್ನಡಕವಿಲ್ಲದ ಎಳೆಯ ಮುಖ. "ನೀವು ವಾಲುಯೊ ಅಂತಿದೆ ಇಲ್ಲಿ."

"ಹೂಂ, ಬು."

ಗುಡ್ಡದ ಮೇಲೆ ಮದುಮಗಳು ಸ್ನಾನ ಮುಗಿಸಿ ಕೂತಿರಬೇಕು. ಹೂವು ಬಾಡುತ್ತದೆ. ಕಸ್ಮಿನಿ ಒಂದು ಕಾಲು ಎತ್ತಿ, ಮತ್ತೆ ಕೆಳಗಿಟ್ಟಳು.

"ನೋಡಪ್ಪ. ಆ ಹೆಸರು ನಿಂದಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನು ಯಾರಿಗೂ ದೂರು ಕೊಡಲ್ಲ. ನಿನ್ನ ಸ್ವಂತ ಹೆಸರು ಹೇಳು. ಹೇಳದಿದ್ರೆ ಹತ್ತಲ್ಲ."

ಅವನು ಓಣಿಯ ಆ ತುದಿ ಈ ತುದಿ ನೋಡಿದ. "ದಾನಾಂಗ್," ಎಂದ ಕೊನೆಗೆ. "ವಾಲುಯೊ ನಮ್ಮ ಮಾವ."

ಕಸ್ಮಿನಿ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಅಕ್ಕಪಕ್ಕದ ಮನೆಯವರೂ ಕಿಟಕಿ ತೆರೆಯುವಷ್ಟು ಜೋರಾಗಿ, ಅರುಮಳಿಗೆ ದನಿಯ ಸಂದೇಶ ಕಳಿಸಿದಳು: "ಅರುಮ್, ನಾನು ಕಸ್ಮಿನಿ. ಗುಡ್ಡಕ್ಕೆ ಹೊರಟಿದೀನಿ. ಓಡಿಸ್ತಿರೋನ ಹೆಸರು ದಾನಾಂಗ್. ನಿಜವಾಗ್ಲೂ ದಾನಾಂಗ್."

ಆಮೇಲೆ ಪೆಟ್ಟಿಗೆಯನ್ನು ಅವನ ಬೆನ್ನಿಗೂ ತನ್ನ ಹೊಟ್ಟೆಗೂ ನಡುವೆ ಇಟ್ಟು, ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಳು.

"ಸ್ಟೇಷನ್ ಹಿಂದಿನ ರಸ್ತೇಲಿ ನೀರು ಬಂದಿರುತ್ತೆ, ದಾನಾಂಗ್. ಬಲಗಡೆ ಹೋಗು. ಗುಂಡಿ ಎಲ್ಲಿದೆ ಅಂತ ನಾನು ಹೇಳ್ತೀನಿ."